ಬಿದ್ದವರ ಕಾಲು ಮುಟ್ಟುವ ಅಕ್ಕ

ನಮ್ಮ ನೂಲಿನ ಮಿಲ್ಲಿನ ಡಿಸ್ಪೆನ್ಸರಿಯಲ್ಲಿ ಇಪ್ಪತ್ತಾರು ವರ್ಷ ನರ್ಸಾಗಿದ್ದವಳನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಹಾಜರಿ ಪುಸ್ತಕದಲ್ಲಿ ಒಂದು ಹೆಸರಿತ್ತು, ಅದು ಅಲ್ಲೇ ಇತ್ತು. ಎಲ್ಲರ ಬಾಯಲ್ಲಿ ಆಕೆ ಕಾಲಕ್ಕ. ತಲೆಸುತ್ತಿ ಬಿದ್ದವರನ್ನು ಹೊತ್ತು ತಂದು ಮಂಚದ ಮೇಲೆ ಹಾಕಿದರೆ ಆಕೆ ಬಿಪಿ ಮೆಷಿನ್ನಿಗೆ ಕೈ ಹಾಕುತ್ತಿರಲಿಲ್ಲ. ಮೊದಲು ಚಪ್ಪಲಿ ಕಿತ್ತು ಬರಿಗೈಯಲ್ಲಿ ಪಾದ ಹಿಡಿಯುತ್ತಿದ್ದಳು. ಎಣ್ಣೆ, ಹತ್ತಿಯ ಧೂಳು, ಬೆವರು ಏನೇ ಮೆತ್ತಿಕೊಂಡಿರಲಿ, ಹೇಸಿಗೆ ಇಲ್ಲ. ಮೇಲಧಿಕಾರಿಗಳ ಕಾಲು ಹಿಡಿದು ಬೇಕಾದ್ದು ಮಾಡಿಸಿಕೊಂಡವರು ಮಿಲ್ಲಿನಲ್ಲಿ ಬೇಕಾದಷ್ಟು ಜನ ಇದ್ದರು. ಕೂಲಿಯವರ ಕಾಲು ಹಿಡಿದವಳು ಇವಳೊಬ್ಬಳೇ.

ಡಿಸ್ಪೆನ್ಸರಿ ಅಂದರೆ ಗೋದಾಮಿಗೂ ಕ್ಯಾಂಟೀನಿಗೂ ನಡುವೆ ಸಿಕ್ಕಿಕೊಂಡ ಒಂದು ಕೋಣೆ. ಒಂದು ಕಬ್ಬಿಣದ ಮಂಚ, ಗಾಜಿನ ಬಾಗಿಲಿನ ಕಪಾಟು, ಕೈ ತೊಳೆಯಲು ಸ್ಟ್ಯಾಂಡಿನ ಮೇಲೊಂದು ಬೇಸಿನ್. ಗೋಡೆಯಾಚೆ ನೂಲುವ ಯಂತ್ರಗಳು ಓಡುವಾಗ ಕಪಾಟಿನ ಸೀಸೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಹಲ್ಲು ಕಡಿಯುತ್ತಿದ್ದವು. ಡಾಕ್ಟರು ವಾರಕ್ಕೆರಡು ದಿನ ಬರುತ್ತಿದ್ದರು. ಜನ ಬೀಳುವುದು ಮಾತ್ರ ಉಳಿದ ದಿನಗಳಲ್ಲಿ.

ಪಾದ ಯಾಕೆ ಎಂದು ಕೇಳಿದರೆ ಅಕ್ಕ ಹೇಳುತ್ತಿದ್ದುದು ಹೀಗೆ: "ಮೈಯೂ ನಮ್ಮ ಮ್ಯಾನೇಜರ್ ಥರಾನೇ ಕಣ್ರೋ. ನೀರು ಕಮ್ಮಿ ಆಯ್ತು ಅಂದ್ರೆ ಮೊದ್ಲು ನಿಲ್ಸೋದು ಕೂಲಿಯೋರ ಲೈನ್ ಮನೆ ನಲ್ಲಿ. ಬಂಗಲೆಗೆ ಕೊನೇ ತನಕ ಬಿಡ್ತಾನೆ. ರಕ್ತ ಕಮ್ಮಿ ಆದ್ರೆ ಮೈ ಮೊದ್ಲು ಕೈ ಕಾಲು ಕಟ್ ಮಾಡುತ್ತೆ, ಮಿದುಳು ಗುಂಡಿಗೆ ಉಳಿಸ್ಕೊಳ್ಳುತ್ತೆ. ಅದ್ಕೆ ನಾನು ಲೈನ್ ಮನೇಲಿ ವಿಚಾರಿಸ್ತೀನಿ. ಬಂಗಲೇಲಿ ಕೇಳಿದ್ರೆ ಎಲ್ಲಾ ಚೆನ್ನಾಗಿದೆ ಅಂತಾನೇ ಹೇಳ್ತಾರೆ."

ಈ ಮಾತಿನ ಅರ್ಧ ಅವಳದ್ದಲ್ಲ, ಬಾಯ್ಲರ್ ಮಾವನದ್ದು. ಬಾಯ್ಲರ್ ಮಾವ ಎಂದರೆ ಮೂವತ್ತು ವರ್ಷ ಬಾಯ್ಲರಿನ ಮುಂದೆ ನಿಂತು ಮೈ ಕರಿದುಕೊಂಡ ಮನುಷ್ಯ. ಬಾಯಿಬಡುಕ. ಮಧ್ಯಾಹ್ನದ ಬಿಡುವಿನಲ್ಲಿ ಡಿಸ್ಪೆನ್ಸರಿಯ ಮೆಟ್ಟಿಲ ಮೇಲೆ ಕೂತು ಬೀಡಿ ಸೇದುತ್ತಾ ಅಕ್ಕನಿಗೆ ಪಾಠ ಹೇಳುತ್ತಿದ್ದ. "ಒತ್ತಡ ಇಳೀತಾ? ನಾಲ್ಕೇ ಕಾರಣ ನೋಡವ್ವಾ. ನೀರು ಸೋರಿಹೋಗಿರ್ಬೇಕು. ಇಲ್ಲಾ ಪಂಪು ಕೆಟ್ಟಿರ್ಬೇಕು. ಇಲ್ಲಾ ಪೈಪು ಹಿಗ್ಗಿ ಸಡಿಲ ಆಗಿರ್ಬೇಕು. ಇಲ್ಲಾ ಎಲ್ಲೋ ಏನೋ ಅಡ್ಡ ಕೂತಿರ್ಬೇಕು. ನಾಲ್ಕಕ್ಕೂ ನೀರೇ ಹುಯ್ಯೋನು ಬಾಯ್ಲರ್ ಒಡಿಸ್ತಾನೆ." ಅಕ್ಕ ಓದಿದ ಪುಸ್ತಕದಲ್ಲೂ ಇದೇ ನಾಲ್ಕು ಇದ್ದವಂತೆ, ದೊಡ್ಡ ದೊಡ್ಡ ಹೆಸರಿನಲ್ಲಿ. ಮಾವನ ಬಾಯಲ್ಲಿ ಕೇಳಿದ ಮೇಲೆ ಅವು ತಲೆಯಲ್ಲಿ ಕೂತವು.

ಅಡ್ಡ ಕೂತದ್ದನ್ನು ಆಕೆ ಕಣ್ಣಾರೆ ಕಂಡದ್ದು ಕೆಲಸಕ್ಕೆ ಸೇರಿದ ಮೂರನೇ ವರ್ಷ. ಗೋದಾಮಿನಲ್ಲಿ ಒಬ್ಬನ ಎದೆಯ ಮೇಲೆ ಹತ್ತಿಯ ಬೇಲು ಬಿತ್ತು. ಪಾದ ಮಂಜುಗಡ್ಡೆ. ರಕ್ತ ಎಲ್ಲೂ ಸೋರಿರಲಿಲ್ಲ, ಆದರೆ ಕುತ್ತಿಗೆಯ ನರ ಹಗ್ಗದಂತೆ ಎದ್ದು ನಿಂತಿತ್ತು. ಎದೆಯ ಒಂದು ಪಕ್ಕ ಏರುತ್ತಲೇ ಇರಲಿಲ್ಲ. ಅವತ್ತು ಪುಣ್ಯಕ್ಕೆ ಡಾಕ್ಟರು ಇದ್ದರು. ಪಕ್ಕೆಲುಬಿನ ಸಂದಿಯಲ್ಲಿ ದಪ್ಪ ಸೂಜಿ ತೂರಿಸಿದರು, ಸೈಕಲ್ ಟ್ಯೂಬಿನಿಂದ ಬಂದಂತೆ ಗಾಳಿ ಬುಸ್ಸೆಂದಿತು, ಮನುಷ್ಯ ಕಣ್ಣು ಬಿಟ್ಟ. ಗಾಯಗೊಂಡ ಶ್ವಾಸಕೋಶದಿಂದ ಸೋರಿದ ಗಾಳಿ ಎದೆಯೊಳಗೇ ಸಿಕ್ಕಿಕೊಂಡು ಗುಂಡಿಗೆಯನ್ನು ಅಮುಕುತ್ತಿತ್ತು. ಅಂದಿನಿಂದ ಪಾದವಾದ ಮೇಲೆ ಕುತ್ತಿಗೆ ನೋಡುವುದು ಅಕ್ಕನಿಗೆ ಅಭ್ಯಾಸವಾಯಿತು. ನರ ಚಪ್ಪಟೆಯಾಗಿದ್ದರೆ ಒಳಗೆ ಖಾಲಿ. ಉಬ್ಬಿದ್ದರೆ ಒಳಗೆ ರಕ್ತ ಇದೆ, ಮುಂದೆ ಹೋಗುತ್ತಿಲ್ಲ.

ಆದರೆ ಪಾದವೂ ಸುಳ್ಳು ಹೇಳುತ್ತದೆ. ಇದನ್ನು ಅಕ್ಕ ಯಾರಿಗೂ ಮುಚ್ಚಿಡಲಿಲ್ಲ, ಕೇಳದವರಿಗೂ ಹೇಳುತ್ತಿದ್ದಳು. ಬಾಬಿನ್ ಸುತ್ತುವ ಹೆಂಗಸೊಬ್ಬಳು ಬೆರಳಿಗೆ ತಕಲಿ ಚುಚ್ಚಿಸಿಕೊಂಡು ನಾಲ್ಕು ದಿನದ ಮೇಲೆ ಬಂದಳು. ಬೆರಳು ಬಾತಿತ್ತು, ಜ್ವರ ಇತ್ತು. ಅಕ್ಕ ಪಾದ ಮುಟ್ಟಿದಳು, ಬೆಚ್ಚಗೆ, ಕೆಂಪಗೆ, ಮಗುವಿನ ಪಾದದಂತೆ ಇತ್ತು. ಬೆರಳಿಗೆ ಬ್ಯಾಂಡೇಜು ಕಟ್ಟಿ, ಜ್ವರದ ಮಾತ್ರೆ ಕೊಟ್ಟು, ನಾಳೆ ಡಾಕ್ಟರು ಬರುತ್ತಾರೆ ಬಾ ಎಂದು ಕಳಿಸಿದಳು. ಆ ಹೆಂಗಸು ಹೋಗುವಾಗ ಬಾಗಿಲು ಯಾವ ಕಡೆ ಎಂದು ಕೇಳಿದಳಂತೆ. ಹದಿನೈದು ವರ್ಷ ಓಡಾಡಿದ ಕೋಣೆ. ಅಕ್ಕ ಅದನ್ನು ಕೇಳಿಸಿಕೊಂಡಳು, ಜ್ವರದ ಮಂಪರು ಎಂದುಕೊಂಡಳು. ನಂಜು ಮೈಯೆಲ್ಲ ಹರಿದು ರಕ್ತನಾಳಗಳೆಲ್ಲ ಸಡಿಲವಾಗಿದ್ದವು. ಪಾದ ಬೆಚ್ಚಗಿದ್ದದ್ದು ಅದಕ್ಕೇ. ಮೂರನೇ ದಿನ ಆಸ್ಪತ್ರೆಯಲ್ಲಿ ಸತ್ತಳು.

"ಯಂತ್ರ ನೋಡಿದ್ರೆ ಗೊತ್ತಾಗ್ತಿತ್ತು. ನಾನು ನನ್ನ ಕೈ ನಂಬ್ದೆ. ಪಾದ ಬೆಚ್ಚಗೆ, ನಾಡಿ ಓಟ, ಮಾತು ತಪ್ಪು. ಅಂಥೋರ್ನ ಮನೆಗೆ ಕಳ್ಸಬಾರ್ದು, ಓಡ್ಬೇಕು. ಬಾಟ್ಲಿ ಹಾಕಿ, ಒಂದು ಗಂಟೇಲಿ ನಂಜಿನ ಔಷಧಿ ಒಳಗೆ ಹೋಗ್ಬೇಕು. ನಾನು ಜ್ವರದ ಮಾತ್ರೆ ಕೊಟ್ಟೆ." ಇದನ್ನು ಹೇಳುವಾಗ ಅಕ್ಕ ಅಳುತ್ತಿರಲಿಲ್ಲ. ನಾವು ಕೆಲವರು ಅವಳು ಅಳಲಿ ಎಂದು ಕಾದದ್ದುಂಟು. ಅಂದಿನಿಂದ ಅವಳ ಲೆಕ್ಕ ನಾಲ್ಕಾಯಿತು: ಕಾಲು, ಕುತ್ತಿಗೆ, ಉಸಿರು, ಮಾತು. ನಾಲ್ಕೂ ಆದ ಮೇಲೆ ಯಂತ್ರ, ಅದೂ ಕಡ್ಡಾಯ.

ಇದಾದ ಕೆಲವು ವರ್ಷಗಳ ಮೇಲೆ ಒಂದು ಬೇಸಿಗೆಯಲ್ಲಿ ಮ್ಯಾನೇಜ್‌ಮೆಂಟು ಡಿಸ್ಪೆನ್ಸರಿಗೆ ಬೀಗ ಜಡಿಯಿತು. ದೊಡ್ಡ ಆಸ್ಪತ್ರೆ ಅರ್ಧ ಗಂಟೆ ದೂರದಲ್ಲಿದೆ, ಇಲ್ಲಿ ಬ್ಯಾಂಡೇಜು ಕಟ್ಟುವ ಕೋಣೆ ಯಾಕೆ ಎಂಬುದು ಅವರ ವಾದ. ಮಂಚವನ್ನು ಹೊರಗೆ ಹಾಕಿ ಆ ಕೋಣೆಯಲ್ಲಿ ಹಳೆಯ ಫೈಲು ತುಂಬಿದರು. ನಾವು ಗೇಟಿನ ಮುಂದೆ ಶಾಮಿಯಾನ ಹಾಕಿ ಉಪವಾಸ ಕೂತೆವು. ಒಂಬತ್ತು ಜನರ ಪಟ್ಟಿ. ನಿವೃತ್ತಿಗೆ ಎಂಟು ತಿಂಗಳಿದ್ದ ಬಾಯ್ಲರ್ ಮಾವ ತಾನಾಗಿಯೇ ಬಂದು ಆರನೆಯವನಾಗಿ ಹೆಸರು ಬರೆಸಿದ. ತನಗಾಗಿ ನಡೆಯುವ ಉಪವಾಸ ಅಕ್ಕನಿಗೆ ಇಷ್ಟವಿರಲಿಲ್ಲ. "ಹೊಟ್ಟೆ ಖಾಲಿ ಇಟ್ಕೊಂಡು ಆರೋಗ್ಯ ಕೇಳ್ತೀರಲ್ಲ, ನಿಮಗೆ ಬುದ್ಧಿ ಇದ್ಯಾ?" ಎಂದು ನಮ್ಮ ಯೂನಿಯನ್ ಸೆಕ್ರೆಟರಿಯನ್ನು ಬೈದಳು. ಆದರೂ ತನ್ನ ಚೀಲ ತಂದು ಶಾಮಿಯಾನದ ಮೂಲೆಯಲ್ಲಿ ಕೂತಳು. ಪರಿಚಯದ ಡಾಕ್ಟರೊಬ್ಬರು ಬಾಟಲಿ, ಇಂಜೆಕ್ಷನ್ನು ಬರೆದು ಕೊಟ್ಟಿದ್ದರು. ಒಂದು ಕರಾರು ಹಾಕಿದಳು: ಕಾಯಿಲೆ ಕಂಡವರನ್ನು ತಾನು ಪಟ್ಟಿಯಿಂದ ತೆಗೆಯುತ್ತೇನೆ, ಯಾರೂ ಎದುರು ಮಾತಾಡಬಾರದು. ನಾವು ತಲೆಯಾಡಿಸಿದೆವು. ಆ ಕರಾರೇ ಮುಂದೆ ಕುತ್ತು ತಂದಿತು.

ನಾಲ್ಕನೇ ದಿನ ನೂಲು ಜೋಡಿಸುವ ಹೆಂಗಸೊಬ್ಬಳು ಬಿದ್ದಳು. ಬೆಳಗಿನಿಂದ ಭೇದಿ, ಹೇಳಲು ನಾಚಿಕೆ. ಪಾದ ತಣ್ಣಗೆ, ಕುತ್ತಿಗೆ ನರ ಚಪ್ಪಟೆ, ನಾಡಿ ಸಣ್ಣಗೆ ಓಡುತ್ತಿತ್ತು. ಉಗುರು ಒತ್ತಿ ಬಿಟ್ಟರೆ ಬಿಳುಪು ಹೋಗಿ ಕೆಂಪು ಬರಲು ಐದು ಎಣಿಸಬೇಕಾಯಿತು. ಅಕ್ಕ ಕಾಲಡಿ ಹಾಸಿಗೆ ಮಡಚಿಟ್ಟು, ಕೈಗೆ ಸೂಜಿ ಹಾಕಿ, ಸಲೈನ್ ಬಾಟಲಿಯನ್ನು ಬಿದಿರಿನ ಗಳಕ್ಕೆ ಕಟ್ಟಿ ಪೂರ್ತಿ ಬಿಟ್ಟಳು. ಒಂದೂವರೆ ಬಾಟಲಿ ಇಳಿಯುವಷ್ಟರಲ್ಲಿ ಹೆಂಗಸು ಎದ್ದು ಕೂತು ಸೆರಗು ಸರಿಮಾಡಿಕೊಂಡಳು. ಜನ ಚಪ್ಪಾಳೆ ತಟ್ಟಿದರು. ಅಲ್ಲಿಂದ ನಮ್ಮೆಲ್ಲರ ತಲೆಯಲ್ಲಿ ಒಂದೇ ಕೂತಿತು: ಉಪವಾಸ ಇದ್ದವರು ಬೀಳುತ್ತಾರೆ, ಬಾಟಲಿ ಹಾಕಿದರೆ ಏಳುತ್ತಾರೆ.

ಆರನೇ ದಿನ ಮಧ್ಯಾಹ್ನ ಮೈಕಿನವನು ಹಾರ್ನು ಕಟ್ಟಲು ಮರ ಹತ್ತಿದ. ಉಪವಾಸದವನಲ್ಲ, ಹೊಟ್ಟೆ ತುಂಬ ಉಂಡಿದ್ದವನು. ಕೊಂಬೆಯ ಸಂದಿಯಲ್ಲಿ ಕಣಜದ ಗೂಡು. ಏಳೆಂಟು ಕಚ್ಚಿರಬೇಕು. ಇಳಿಯುವಷ್ಟರಲ್ಲಿ ಮೈಯೆಲ್ಲ ದದ್ದು, ತುಟಿ ಊದಿ ವಡೆಯಂತಾಗಿತ್ತು, ಉಸಿರಿನಲ್ಲಿ ಸಿಳ್ಳೆ. ಎರಡು ಹೆಜ್ಜೆ ಇಟ್ಟು ಕುಸಿದ. ಸೆಕ್ರೆಟರಿ ಬಾಟಲಿ ಹಿಡಿದುಕೊಂಡು ಓಡಿ ಬಂದ.

"ಬಾಟ್ಲಿ ಆಮೇಲೆ! ಮೊದ್ಲು ಅವನ ಪ್ಯಾಂಟು ಕೆಳಗೆ ಎಳೀರೋ!" ಎಂದಳು ಅಕ್ಕ.

"ಅಕ್ಕಾ, ಇಷ್ಟು ಜನ..." ಎಂದ ಬಿದ್ದಿದ್ದ ಮೈಕಿನವನು, ಆ ಸ್ಥಿತಿಯಲ್ಲೂ.

"ಸತ್ರೂ ಇಷ್ಟೇ ಜನ ನೋಡ್ತಾರೆ, ಸುಮ್ನಿರು." ತೊಡೆಯ ಹೊರಮಗ್ಗುಲಿಗೆ ಅಡ್ರಿನಲಿನ್ ಚುಚ್ಚಿದಳು. ಎದ್ದು ಕೂರಲು ಹೋದವನನ್ನು ಹೆಗಲು ಒತ್ತಿ ಮಲಗಿಸಿದಳು. "ನಿಂತ್ರೆ ಇರೋ ರಕ್ತ ಎಲ್ಲಾ ಕಾಲಿಗೆ ಇಳಿಯುತ್ತೆ, ಹಾಗೇ ಹೋಗ್ಬಿಡ್ತೀಯ." ಐದು ನಿಮಿಷಕ್ಕೆ ಇನ್ನೊಂದು ಚುಚ್ಚಿ, ಬಾಟಲಿ ಹಾಕಿ, ಕಾಲು ಎತ್ತರದಲ್ಲಿಟ್ಟು, ಟೆಂಪೋದಲ್ಲಿ ಆಸ್ಪತ್ರೆಗೆ ತಾನೇ ಕರೆದುಕೊಂಡು ಹೋದಳು. ಅರ್ಧ ದಾರಿಗೇ ಸಿಳ್ಳೆ ನಿಂತಿತ್ತಂತೆ. ಮತ್ತೆ ಕೆರಳಬಹುದು ಎಂದು ಆಸ್ಪತ್ರೆಯವರು ಇರಿಸಿಕೊಂಡರು.

ಅವಳು ಹೋಗಿ ಬರುವ ಆ ಎರಡು ಗಂಟೆಯಲ್ಲಿ ಬಾಯ್ಲರ್ ಮಾವ ಬಿದ್ದ.

ಕೂತಲ್ಲೇ ಪಕ್ಕಕ್ಕೆ ವಾಲಿದ. ಮೈಯೆಲ್ಲ ತಣ್ಣನೆಯ ಬೆವರು, ಮುಖ ಬೂದಿ. ಆರು ದಿನದ ಉಪವಾಸ, ಅರವತ್ತರ ಹತ್ತಿರದ ವಯಸ್ಸು. ಯಾರಿಗೂ ಎರಡನೇ ಯೋಚನೆ ಬರಲಿಲ್ಲ. ಪಕ್ಕದ ಮೆಡಿಕಲ್ ಸ್ಟೋರಿನವನನ್ನು ಎಳೆದು ತಂದು ಸೂಜಿ ಹಾಕಿಸಿದೆವು. ಅದೇ ಬಿದಿರಿನ ಗಳಕ್ಕೆ ಬಾಟಲಿ ಕಟ್ಟಿದೆವು. ಮಾವ ಕೈಯಾಡಿಸಿ ಬೇಡ ಎಂಬಂತೆ ಮಾಡಿದ, ಉಪವಾಸ ಮುರಿಯುತ್ತದೆ ಎಂಬ ಹಟ ಎಂದುಕೊಂಡೆವು. ಬಾಟಲಿಯ ನಳಿಕೆಯ ಚಕ್ರವನ್ನು ಪೂರ್ತಿ ತಿರುಗಿಸಿ ಬಿಟ್ಟ ಕೈ ನನ್ನದು. ಮೈಕಿನಲ್ಲಿ ಘೋಷಣೆ ಶುರುವಾಯಿತು. ಪತ್ರಿಕೆಯವರಿಗೆ ಫೋನು ಹೋಯಿತು. ನಾವು ಒಳ್ಳೆಯವರಾಗಿ ಕಾಣಬೇಕೆಂಬ ಹುಕಿ ನನಗಿಲ್ಲ, ಇದ್ದದ್ದು ಬರೆಯುತ್ತೇನೆ: ಮುದುಕ ಬಿದ್ದದ್ದು ಚಳವಳಿಗೆ ಒಳ್ಳೆಯದಾಯಿತು ಎಂದು ಆ ಶಾಮಿಯಾನದಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಅನಿಸಿತ್ತು.

ಟೆಂಪೋ ನಿಲ್ಲುವ ಮೊದಲೇ ಅಕ್ಕ ಇಳಿದಳು. ಪಾದ ಮುಟ್ಟಿದಳು, ತಣ್ಣಗಿತ್ತು. ಕುತ್ತಿಗೆ ನೋಡಿದಳು. ಮಲಗಿದ್ದವನ ಕಿವಿಯ ಕೆಳಗಿನವರೆಗೆ ನರ ಉಬ್ಬಿ ನಿಂತಿತ್ತು. ಮಾವ ಉಸಿರು ಎಳೆಯುವಾಗ ಗಂಟಲಲ್ಲಿ ಹುಕ್ಕಾದ ಸದ್ದು. ಬೆನ್ನಿಗೆ ಸ್ಟೆತಸ್ಕೋಪು ಇಟ್ಟಳು, ಎರಡೂ ಪಕ್ಕ ಕೇಳಿದಳು. ಬಿಪಿ ಎಂಬತ್ತೂ ಇರಲಿಲ್ಲ. ಬಾಟಲಿಯ ಚಕ್ರ ಮುಚ್ಚಿದಳು.

"ಏನಕ್ಕಾ ಮಾಡ್ತಿದ್ದೀಯ?" ಸೆಕ್ರೆಟರಿ ಕೂಗಿದ. "ಆರು ದಿನದಿಂದ ಹೊಟ್ಟೆಗಿಲ್ಲ ಅವನಿಗೆ! ನೀರು ನಿಲ್ಲಿಸ್ತೀಯಾ?"

"ಇದು ಹೊಟ್ಟೆ ಅಲ್ಲ. ಎದೆ."

"ಮೊನ್ನೆ ಅವಳಿಗೆ ಹಾಕ್ದೆ, ಇವತ್ತು ಮೈಕಿನವನಿಗೆ ಹಾಕ್ದೆ, ಇವನಿಗೆ ಬೇಡ್ವಾ? ಯಾರ ಕಡೆಯೋಳು ನೀನು? ಮ್ಯಾನೇಜ್‌ಮೆಂಟ್ ಏನಾದ್ರೂ ಹೇಳಿ ಕಳಿಸ್ತಾ?"

ಸುತ್ತಲಿದ್ದವರು ಹೌದು ಹೌದು ಎಂದರು. ಒಬ್ಬ ಮುಂದೆ ಬಂದು ಚಕ್ರಕ್ಕೆ ಕೈ ಹಾಕಿದ. ಅಕ್ಕ ಅವನ ಮಣಿಕಟ್ಟು ಹಿಡಿದಳು. ಎಳೆದಾಡಲಿಲ್ಲ, ಸುಮ್ಮನೆ ಹಿಡಿದಿದ್ದಳು. ನಂತರ ಬಗ್ಗಿ ಬಾಯ್ಲರ್ ಮಾವನ ಕಿವಿಯ ಹತ್ತಿರ ಹೋದಳು.

"ಮಾವ, ನೀನೇ ಹೇಳು ಇವರಿಗೆ. ನೀರು ಸೋರಿದ್ಯಾ, ಪಂಪು ನಿಂತಿದ್ಯಾ?"

ಮಾವ ಕಣ್ಣು ತೆರೆದ. ಸ್ವಲ್ಪ ಹೊತ್ತು ಬೇಕಾಯಿತು. "ಪಂಪು" ಎಂದ. ಮತ್ತೆ ಉಸಿರು ತೆಗೆದುಕೊಂಡು, "ನೀರು ಹುಯ್ಯಬೇಡ್ರೋ, ಮುಳುಗ್ತಾ ಇದ್ದೀನಿ" ಎಂದ.

ಗಲಾಟೆ ನಿಂತಿತು. ಅಕ್ಕ ಅವನ ಬೆನ್ನಿಗೆ ಅಕ್ಕಿಚೀಲದಂತೆ ಹಾಸಿಗೆ ಒಟ್ಟಿ ಅರ್ಧ ಕೂರಿಸಿದಳು. ಚೀಲದಿಂದ ಆಸ್ಪಿರಿನ್ ಮಾತ್ರೆ ತೆಗೆದು ಅಗಿಯಲು ಕೊಟ್ಟಳು. ಮೆಡಿಕಲ್ ಸ್ಟೋರಿನವನು, "ನಾಲಿಗೆ ಕೆಳಗೆ ಇಡೋ ಮಾತ್ರೆ ಇದೆ, ಎದೆನೋವಿಗೆ" ಎಂದು ಜೇಬಿಗೆ ಕೈ ಹಾಕಿದ. "ಇಟ್ಕೋ ನಿನ್ನ ಹತ್ರಾನೇ," ಎಂದಳು. "ಇರೋ ಒತ್ತಡಾನೂ ಇಳಿಸುತ್ತೆ ಅದು. ಇಳಿಯೋಕೆ ಇನ್ನೇನಿದೆ ಇಲ್ಲಿ?" ಟೆಂಪೋದಲ್ಲಿ ಅವನ ಎದೆ ತನ್ನ ತೋಳಿಗೆ ಒರಗಿಸಿಕೊಂಡು ಕೂತಳು. ಮುಂದಿನ ಸೀಟಿನಲ್ಲಿ ನಾನಿದ್ದೆ. ಅರ್ಧ ಗಂಟೆಯ ದಾರಿಯುದ್ದಕ್ಕೂ ಅವಳು ಅವನನ್ನು ಏನಾದರೊಂದು ಕೇಳುತ್ತಲೇ ಇದ್ದಳು: ಬಾಯ್ಲರಿಗೆ ಎಷ್ಟು ಕವಾಟ, ಯಾವುದು ಯಾವತ್ತು ಕೆಟ್ಟಿತ್ತು, ಹೆಂಡತಿ ಏನೆಂದು ಬೈಯುತ್ತಾಳೆ. ಮಾತು ತಪ್ಪುತ್ತದೆಯೋ ನೋಡುತ್ತಿದ್ದಳು. ಕವಾಟಗಳನ್ನು ಸರಿಯಾಗಿ ಹೇಳಿದ. ಹೆಂಡತಿಯ ಬೈಗುಳವನ್ನೂ.

ಆಸ್ಪತ್ರೆಯ ಡಾಕ್ಟರಮ್ಮ ಇಸಿಜಿ ಕಾಗದ ನೋಡಿ, "ಎಷ್ಟು ಸಲೈನ್ ಹೋಗಿದೆ?" ಎಂದು ಕೇಳಿದರು.

"ಕಾಲು ಬಾಟ್ಲಿ."

"ಸರಿ." ಅಷ್ಟೇ. ಹೊಗಳಿಕೆ, ಬೈಗುಳ ಎರಡೂ ಇಲ್ಲ. ಗುಂಡಿಗೆ ಬಲವಾಗಿ ಬಡಿಯುವಂತೆ ಮಾಡುವ ಔಷಧಿಯನ್ನು ಯಂತ್ರದ ಮೂಲಕ ಹನಿಹನಿಯಾಗಿ ಬಿಟ್ಟರು, ಮೂಗಿಗೆ ಆಮ್ಲಜನಕ ಕೊಟ್ಟರು, ಕಟ್ಟಿಕೊಂಡಿದ್ದ ನಾಳವನ್ನು ತೆರೆಯಲು ಒಳಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿತು.

ಹೊರಗಿನ ಬೆಂಚಿನ ಮೇಲೆ ಸೆಕ್ರೆಟರಿ ಪತ್ರಿಕಾ ಹೇಳಿಕೆ ಬರೆಯುತ್ತಿದ್ದ. "ಉಪವಾಸದಿಂದ ಕುಸಿದ ಹಿರಿಯ ಕಾರ್ಮಿಕ, ಸ್ಥಿತಿ ಗಂಭೀರ." ಅಕ್ಕ ಓದಿ, ಅವನ ಪೆನ್ನು ಕಿತ್ತುಕೊಂಡು 'ಉಪವಾಸದಿಂದ' ಎಂಬುದನ್ನು ಹೊಡೆದುಹಾಕಿದಳು.

"ಅಕ್ಕಾ, ಹೃದಯಾಘಾತ ಅಂತ ಬರೆದ್ರೆ ಅವರು ನಗ್ತಾರೆ. ಮುದುಕನಿಗೆ ಮೊದಲೇ ಕಾಯಿಲೆ ಇತ್ತು ಅಂತಾರೆ. ನಿನ್ನ ಕೋಣೆ ಹೋಯ್ತು."

"ಕಾಯಿಲೆ ಮೊದ್ಲೇ ಇತ್ತು ಕಣೋ. ಇದ್ದದ್ದು ಬರಿ. ಆಮೇಲೆ ಇದನ್ನೂ ಬರಿ: ಬಿದ್ದಾಗ ಇನ್ನೂರು ಜನ ಸುತ್ತ ಇದ್ರು, ಒಬ್ಬರಿಗೂ ಗೊತ್ತಾಗ್ಲಿಲ್ಲ. ಎಲ್ಲಾ ಸೇರಿ ತಪ್ಪು ಔಷಧಿ ಹಾಕಿದ್ರು. ಹೊಟ್ಟೆ ಯಾವುದು, ಎದೆ ಯಾವುದು ಅಂತ ಹೇಳೋಕೆ ಗೇಟಿನ ಒಳಗೆ ಒಬ್ಬರು ಬೇಕು. ಅದ್ಕೇ ಕೋಣೆ ಬೇಕು. ನಾಚಿಕೆ ಆಗುತ್ತಾ ಬರೆಯೋಕೆ?"

ಆಗುತ್ತಿತ್ತು. ಬಹಳ ಆಗುತ್ತಿತ್ತು. ಸೆಕ್ರೆಟರಿ ಹತ್ತು ನಿಮಿಷ ಕಾಗದ ನೋಡಿದ. ಮೂವತ್ತು ವರ್ಷದ ಚಳವಳಿಯಲ್ಲಿ ನಮ್ಮದೇ ತಪ್ಪನ್ನು ನಾವು ಪತ್ರಿಕೆಗೆ ಕೊಟ್ಟದ್ದಿಲ್ಲ. ಕೊನೆಗೆ ಬರೆದ. ಅಕ್ಷರ ಕೋಳಿ ಕೆದರಿದಂತಿತ್ತು.

ಬಾಯ್ಲರ್ ಮಾವ ಬದುಕಿದ. ಐದನೇ ದಿನ ವಾರ್ಡಿಗೆ ಬಂದಾಗ ನೋಡಲು ಹೋದೆವು. ಮಂಚದ ಪಕ್ಕ ಅವನ ಹೆಂಡತಿ, ನಮಗೆಲ್ಲ ಬಾಯ್ಲರ್ ಅತ್ತೆ, ನಮ್ಮನ್ನೇ ಕಾಯುತ್ತಿದ್ದಳು.

"ಬನ್ನಿ, ಲೀಡರುಗಳು ಬನ್ನಿ," ಎಂದಳು. "ಮೂರು ದಿನದಿಂದ ಎದೆ ಹಿಡ್ಕೊಳ್ತಿದೆ ಅಂತ ನಂಗೆ ಹೇಳಿದ್ದ ಈ ಮಹಾರಾಯ. ಕಾಲಕ್ಕನಿಗೆ ಹೇಳ್ಬೇಡ, ಪಟ್ಟಿಯಿಂದ ತೆಗೀತಾಳೆ ಅಂತ ಆಣೆ ಹಾಕಿಸ್ಕೊಂಡಿದ್ದ. ನಾನೂ ಪೆದ್ದಿ, ಸುಮ್ನಿದ್ದೆ."

"ಯಾರೂ ಕೇಳ್ಲಿಲ್ವಲ್ಲ ನಿನ್ನ," ಎಂದ ಮಾವ ಮೆಲ್ಲಗೆ.

ಅಕ್ಕ ಅತ್ತೆಯ ಮುಖವನ್ನೇ ನೋಡಿದಳು. ದಿನಕ್ಕೆರಡು ಸಲ ಒಂಬತ್ತು ಜನರ ನಾಡಿ ಹಿಡಿದಿದ್ದಳು, ಹೇಗಿದೆ ಎಂದು ಕೇಳಿದ್ದಳು, ಚೆನ್ನಾಗಿದೆ ಎಂದು ಬರೆದುಕೊಂಡಿದ್ದಳು. ಹೊರಗೆ ಬಂದಾಗ ಹೇಳಿದ್ದು ಇಷ್ಟೇ: "ಕರಾರು ನಾನೇ ತಪ್ಪು ಹಾಕ್ದೆ. ಕಾಯಿಲೆ ಹೇಳಿದೋರನ್ನ ಪಟ್ಟಿಯಿಂದ ತೆಗೀತೀನಿ ಅಂದ್ರೆ ಯಾರು ಹೇಳ್ತಾರೆ?"

ಉಪವಾಸದ ಹನ್ನೊಂದನೇ ದಿನ ಮ್ಯಾನೇಜ್‌ಮೆಂಟು ಮಾತಿಗೆ ಕರೆಯಿತು. ಡಿಸ್ಪೆನ್ಸರಿ ಬೆಳಿಗ್ಗೆ ಮಾತ್ರ ತೆರೆಯುತ್ತದೆ, ಡಾಕ್ಟರು ಬರುವುದಿಲ್ಲ, ನರ್ಸು ಒಬ್ಬಳೇ. ಗೆದ್ದೆವು ಅನ್ನುವ ಹಾಗಿಲ್ಲ. ಫೈಲುಗಳನ್ನು ಅರ್ಧ ಕೋಣೆಗೆ ಸರಿಸಿ ಉಳಿದರ್ಧದಲ್ಲಿ ಮಂಚ ಹಾಕಿಕೊಟ್ಟರು. ಮಧ್ಯಾಹ್ನದ ಪಾಳಿಗೆ ಯಾರು ಎಂದು ಕೇಳಿದ್ದಕ್ಕೆ ಅಕ್ಕ ನಮ್ಮಲ್ಲೇ ಎಂಟು ಜನರನ್ನು ಆರಿಸಿ ಪಾಠ ಶುರುಮಾಡಿದಳು. ಸೆಕ್ರೆಟರಿ ಮೊದಲ ಸಾಲಿನಲ್ಲಿ ಕೂತು ಪಕ್ಕದವನ ಕೊಳಕು ಪಾದ ಹಿಡಿದು ಮುಖ ಕಿವುಚುತ್ತಿದ್ದ.

ಡಿಸ್ಪೆನ್ಸರಿ ಮಧ್ಯಾಹ್ನವೂ ತೆರೆಯಲಿ ಎಂದು ಮರುವರ್ಷ ಮತ್ತೆ ಉಪವಾಸ ಕೂತೆವು. ಈ ಸಲ ಕರಾರು ಬೇರೆ. ಕೂತವರನ್ನು ಹೇಗಿದ್ದೀರಿ ಎಂದು ಅಕ್ಕ ಕೇಳಲೇ ಇಲ್ಲ. ಶಾಮಿಯಾನದ ಪಕ್ಕ ಒಂದು ಬೆಂಚು ಹಾಕಿಸಿ, ದಿನಾ ಬೆಳಿಗ್ಗೆ ಅವರವರ ಹೆಂಡತಿ, ಗಂಡ, ತಾಯಿ, ನಾದಿನಿ ಯಾರಿದ್ದಾರೋ ಅವರನ್ನು ಕೂರಿಸಿ ಒಬ್ಬೊಬ್ಬರನ್ನೇ ಗುಟ್ಟಾಗಿ ವಿಚಾರಿಸಿದಳು. ಬೆಂಚಿನ ಅಧ್ಯಕ್ಷೆ ಬಾಯ್ಲರ್ ಅತ್ತೆ. ಎರಡನೇ ದಿನಕ್ಕೆ ಇಬ್ಬರು ಪಟ್ಟಿಯಿಂದ ಹೊರಗೆ ಬಂದರು, ಒಬ್ಬನಿಗೆ ಸಕ್ಕರೆ ಕಾಯಿಲೆ, ಮುಚ್ಚಿಟ್ಟಿದ್ದ. ಇನ್ನೊಬ್ಬ ನಮ್ಮ ಸೆಕ್ರೆಟರಿ.

"ನನಗೇನಾಗಿದೆ? ಗುಂಡುಕಲ್ಲು ಇದ್ದ ಹಾಗಿದ್ದೀನಿ!" ಎಂದು ಎಗರಾಡಿದ.

"ನಿನ್ನ ಹೆಂಡ್ತಿ ಹೇಳಿದ್ಲಪ್ಪ," ಎಂದಳು ಅಕ್ಕ, ಪಟ್ಟಿಯಿಂದ ತಲೆಯೆತ್ತದೆ. "ಎರಡು ತಿಂಗಳಿಂದ ಮೂಲವ್ಯಾಧಿ, ದಿನಾ ರಕ್ತ ಹೋಗ್ತಿದೆಯಂತೆ. ಸೋರೋ ಟ್ಯಾಂಕನ್ನ ನಾನು ಉಪವಾಸ ಕೂರಿಸಲ್ಲ. ಏಳು."

ಇನ್ನೂರು ಜನರ ಮುಂದೆ ಸೆಕ್ರೆಟರಿ ಎದ್ದ. ಅತ್ತೆ ಬೆಂಚಿನ ಮೇಲೆ ಸರಿದು ಅವನಿಗೆ ಜಾಗ ಮಾಡಿಕೊಟ್ಟಳು. ಮೆಲ್ಲಗೆ, ಒಂದು ಪಕ್ಕಕ್ಕೆ ವಾಲಿಕೊಂಡು ಕೂತ.